ಸಹಾಯ ಬೇಕು: ಸೂರ್ಯನ ಫೋಟೋದಲ್ಲಿ ಹೋಗದ ನೇರಳೆ ಗೆರೆ

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಹೇಳಿ, ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

ನನ್ನದು ಡಿಎಸ್‌ಎಲ್‌ಆರ್ ಕ್ಯಾಮೆರಾ, 400 ಎಂಎಂ ಲೆನ್ಸ್. ಲೆನ್ಸ್ ಮುಂದೆ ಸೋಲಾರ್ ಫಿಲ್ಟರ್ ಇದೆ, ಲಕ್ಷದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುತ್ತದೆ. ಇಷ್ಟು ಉದ್ದದ ಲೆನ್ಸ್ ಇದ್ದರೂ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಮೇಲೆ ಸೂರ್ಯ ಬೀಳುವುದು ಸುಮಾರು 3.7 ಮಿಲಿಮೀಟರ್ ಅಗಲ ಅಷ್ಟೇ. ಹಾಗಾಗಿ ಚಿಕ್ಕ ಧೂಳಿನ ಕಣವೂ ಸೂರ್ಯನ ಕಲೆಯ ಹಾಗೇ ಕಾಣುತ್ತದೆ.

ಮೊದಲು ಮೂರು ಕಪ್ಪು ಚುಕ್ಕೆ ಇದ್ದವು. ಸೂರ್ಯನನ್ನು ಫ್ರೇಮಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ತೆಗೆದೆ. ಎರಡು ಚುಕ್ಕೆ ಸೂರ್ಯನ ಜೊತೆಗೇ ಸರಿದವು. ಅವು ನಿಜವಾದ ಸೂರ್ಯಕಲೆಗಳು, ನೋಡಿ ತುಂಬಾ ಖುಷಿಯಾಯಿತು! ಮೂರನೆಯದು ಇದ್ದಲ್ಲೇ ಇತ್ತು. ಲೆನ್ಸಿನ ಕಿಂಡಿ ಕಿರಿದಾದ ಎಫ್/16ರಲ್ಲಿ ಚೂಪಾಗಿ, ಅಗಲವಾದ ಎಫ್/5.6ರಲ್ಲಿ ಮಸುಕಾಗಿ. ಧೂಳೇ ಅಲ್ವಾ? ಬ್ಲೋವರ್‌ನಿಂದ ಊದಿದೆ, ಹೋಯಿತು.

ತೊಂದರೆ ಇರುವುದು ಕೂದಲೆಳೆಯಷ್ಟು ತೆಳುವಾದ ಒಂದು ನೇರಳೆ ಗೆರೆಯಲ್ಲಿ. ಮೇಲಿಂದ ಕೆಳಗಿನವರೆಗೂ ನೇರವಾಗಿದೆ. ಲೆನ್ಸ್ ಮುಚ್ಚಳ ಹಾಕಿ ತೆಗೆದರೂ ಅದೇ ಜಾಗದಲ್ಲಿ ಬರುತ್ತದೆ. ಅಂದರೆ ಧೂಳೂ ಅಲ್ಲ, ಲೆನ್ಸಿನ ಪ್ರತಿಫಲನವೂ ಅಲ್ಲ.

ಮುಚ್ಚಿಡದೆ ಹೇಳುತ್ತೇನೆ, ಒಮ್ಮೆ ಗಾಳಿಗೆ ಫಿಲ್ಟರ್ ಕಳಚಿ ಬಿತ್ತು. ಲೈವ್ ವ್ಯೂ (ಕ್ಯಾಮೆರಾದ ಹಿಂದಿನ ಪರದೆಯಲ್ಲೇ ದೃಶ್ಯ ನೋಡುವುದು) ಆನ್ ಇತ್ತು. ಕೆಲವು ಸೆಕೆಂಡು ಬರಿಯ ಸೂರ್ಯ ನೇರವಾಗಿ ಸೆನ್ಸರ್ ಮೇಲೆ ಬಿದ್ದ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟಿರಲಿಲ್ಲ, ಅದೊಂದು ಪುಣ್ಯ.

ಸೆನ್ಸರ್ ಸುಟ್ಟರೆ ಹೀಗೆ ಪೂರ್ತಿ ಗೆರೆ ಬರುತ್ತದಾ, ಅಥವಾ ಸೂರ್ಯ ಬಿದ್ದ ಜಾಗದಲ್ಲಿ ಮಾತ್ರ ಕಲೆಯಾಗುತ್ತದಾ? ಪಿಕ್ಸೆಲ್ ಮ್ಯಾಪಿಂಗ್‌ನಿಂದ (ಕೆಟ್ಟ ಪಿಕ್ಸೆಲ್‌ಗಳನ್ನು ಕ್ಯಾಮೆರಾವೇ ಗುರುತಿಸಿ ಮರೆಮಾಡುವುದು) ಯಾರಿಗಾದರೂ ಇಂಥ ಗೆರೆ ಹೋಗಿದೆಯಾ? ಮುಚ್ಚಳ ಹಾಕಿ ತೆಗೆದ ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ.