ಹ್ಯಾಲೋವೀನ್ ರಾತ್ರಿ ಕಂಡ ಕುಂಬಳಕಾಯಿ ಕಾಯಿನ್: ಕೊಳ್ಳಬಹುದೇ?

ಪ್ರಶ್ನೆ: ನ್ಯೂಜೆರ್ಸಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮಕ್ಕಳನ್ನು ಮನೆಮನೆಗೆ ಮಿಠಾಯಿ ಕೇಳಲು ಕರೆದೊಯ್ದಿದ್ದಾಗ, ಜೊತೆಗಿದ್ದ ನೆರೆಯವರೊಬ್ಬರು ಕುಂಬಳಕಾಯಿಯ ಚಿತ್ರವಿರುವ ಹೊಸ ಕ್ರಿಪ್ಟೊ ಕಾಯಿನ್ ಒಂದನ್ನು ಫೋನಿನಲ್ಲಿ ತೋರಿಸಿ, ವಾರದೊಳಗೆ ಅದರ ಬೆಲೆ ಆರು ಪಟ್ಟಾಗಿದೆ, ಈ ರಾತ್ರಿಯೇ ಕೊಳ್ಳಬೇಕು ಎಂದರು. ನನ್ನ ಬಳಿ ಐದು ಸಾವಿರ ಡಾಲರ್ ಉಳಿತಾಯವಿದೆ. ಇಂಥದ್ದನ್ನು ಪರೀಕ್ಷಿಸುವುದು ಹೇಗೆ, ಹಾಕುವುದಾದರೆ ಎಷ್ಟು ಹಾಕಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಕೋಡ್ ಓದುವವ

2021ರಲ್ಲಿಯೂ ಹ್ಯಾಲೋವೀನ್ ಹೊತ್ತಿಗೇ ಇಂಥದ್ದೊಂದು ನಡೆದಿತ್ತು. ಆಗ ಮನೆಮಾತಾಗಿದ್ದ ಕೊರಿಯನ್ ಧಾರಾವಾಹಿಯ ಹೆಸರನ್ನು ಬಳಸಿಕೊಂಡು ಅಕ್ಟೋಬರ್ ಕೊನೆಯ ವಾರ ಬಂದ ಕ್ರಿಪ್ಟೊ ಕಾಯಿನ್ ಒಂದು, ನವೆಂಬರ್ 1ರಂದು 2,800 ಡಾಲರ್ ದಾಟಿ, ಕೆಲವೇ ನಿಮಿಷಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗಿಳಿಯಿತು. ಬೆಲೆ ಏರುತ್ತಿದ್ದಾಗಲೇ ಹೆಚ್ಚಿನವರಿಗೆ ಅದನ್ನು ಮಾರಲು ಆಗುತ್ತಿರಲಿಲ್ಲ. ಕೊಳ್ಳುವವರು ಮಾತ್ರ ಇದ್ದು ಮಾರುವವರೇ ಇಲ್ಲದಿದ್ದರೆ ಬೆಲೆ ಏರದೆ ಇನ್ನೇನಾದೀತು? ಆದ್ದರಿಂದ ಮೊದಲು ನೋಡಬೇಕಾದದ್ದು ಬೆಲೆಯ ರೇಖೆಯನ್ನಲ್ಲ. ಇತರರು ನಿಜವಾಗಿಯೂ ಮಾರುತ್ತಿದ್ದಾರೆಯೇ, ಹೆಚ್ಚಿನ ಕಾಯಿನ್‌ಗಳು ಒಂದೆರಡು ವಿಳಾಸಗಳಲ್ಲೇ, ಅಂದರೆ ಖಾತೆಗಳಲ್ಲೇ, ಕೂಡಿವೆಯೇ, ವಹಿವಾಟಿಗೆಂದು ಇಟ್ಟಿರುವ ಹಣವನ್ನು (ಲಿಕ್ವಿಡಿಟಿ) ಕಾಯಿನ್ ಸೃಷ್ಟಿಸಿದವರೇ ಬೇಕೆಂದಾಗ ತೆಗೆದುಕೊಂಡು ಹೋಗಬಹುದೇ ಎಂಬುದನ್ನು, ವಹಿವಾಟುಗಳನ್ನೆಲ್ಲ ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಉತ್ತರ: ಮಂಡ್ಯದ ಮೇಷ್ಟ್ರು

ಕೊರೆದ ಕುಂಬಳಕಾಯಿಯ ದೀಪಕ್ಕೆ ಇಂಗ್ಲಿಷಿನಲ್ಲಿರುವ 'ಜ್ಯಾಕ್-ಒ-ಲ್ಯಾಂಟರ್ನ್' ಎಂಬ ಹೆಸರು ಹಿಂದೆ ನಮ್ಮ ಕೊಳ್ಳಿದೆವ್ವಕ್ಕೂ ಇತ್ತು. ಜೌಗು ನೆಲದಲ್ಲಿ ಮಿನುಗಿ ದಾರಿಹೋಕರನ್ನು ಕೆಸರಿಗೆಳೆಯುವ ಬೆಳಕು ಅದು. ಹಾಗೆಂದು ಕ್ರಿಪ್ಟೊ ಎಲ್ಲವೂ ದೆವ್ವವೆಂದು ನಾನು ಹೇಳುವುದಿಲ್ಲ. ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್‌ನ ಒಂಬತ್ತು ಪುಟಗಳ ಪ್ರಬಂಧ ಪ್ರಕಟವಾದದ್ದೇ 2008ರ ಹ್ಯಾಲೋವೀನ್ ದಿನ, ಅಕ್ಟೋಬರ್ 31ರಂದು, ಮತ್ತು ಆ ಜಾಲ ಇಂದಿಗೂ ನಡೆಯುತ್ತಿದೆ. ಆದರೂ 2021ರ ನವೆಂಬರ್‌ನಲ್ಲಿ 69,000 ಡಾಲರ್ ಆಸುಪಾಸಿನಲ್ಲಿದ್ದ ಅದೇ ಬಿಟ್‌ಕಾಯಿನ್, ಮರುವರ್ಷದ ನವೆಂಬರ್‌ನಲ್ಲಿ 16,000ಕ್ಕಿಂತ ಕೆಳಗಿಳಿದಿತ್ತು. ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿಟ್ಟ ಮೇಲೆ, ಪೂರ್ತಿ ಹೋದರೂ ಸಂಸಾರ ನಡೆಯುವಷ್ಟು ಮೊತ್ತವನ್ನು ಮಾತ್ರ ತಿಂಗಳ ಕಂತುಗಳಲ್ಲಿ ಹಾಕಬಹುದೆಂದು ನನ್ನ ಎಣಿಕೆ; ನಿಮ್ಮ ಲೆಕ್ಕಕ್ಕೆ ಅದು ಒಟ್ಟು ಇನ್ನೂರೈವತ್ತು ಡಾಲರ್ ದಾಟಬಾರದು. ಈ ರಾತ್ರಿಯೇ ಎಂದು ಅವಸರಪಡಿಸುವವರಿಗೆ, ನಮ್ಮ ಊರುಗಳಲ್ಲಿ ರಾತ್ರಿ ಬರುವ ದೆವ್ವಕ್ಕೆಂದು ಬಾಗಿಲ ಮೇಲೆ ಬರೆಯುತ್ತಿದ್ದ 'ನಾಳೆ ಬಾ' ಸಾಕು. ಪರಿಚಿತರ ದನಿಯಲ್ಲಿ ಕರೆಯುವುದೇ ಆ ದೆವ್ವದ ಉಪಾಯವಾಗಿತ್ತಲ್ಲವೇ?

ಉತ್ತರ: ಲೆಕ್ಕಪತ್ರ

ತೆರಿಗೆಯ ಮಾತು ಸಂಕ್ಷೇಪವಾಗಿ. ಅಮೆರಿಕದಲ್ಲಿ ಕ್ರಿಪ್ಟೊ ಎಂದರೆ ಆಸ್ತಿ. ಒಂದು ಕಾಯಿನ್ ಕೊಟ್ಟು ಇನ್ನೊಂದನ್ನು ಪಡೆದರೂ ಲಾಭನಷ್ಟದ ಲೆಕ್ಕ ಕೊಡಬೇಕು. ಊರಿನಲ್ಲಿರುವ ತಂದೆತಾಯಿಯ ಹೆಸರಿನಲ್ಲಿ ಕೊಳ್ಳುವ ಯೋಚನೆಯಿದ್ದರೆ, ಭಾರತದಲ್ಲಿ 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30 ತೆರಿಗೆಯಿದೆ, ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ.

ಮರು ಉತ್ತರ: ನ್ಯೂಜೆರ್ಸಿ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ಪರೀಕ್ಷಿಸಿದಾಗ ಮುಕ್ಕಾಲು ಪಾಲು ಕಾಯಿನ್ ಒಂದೇ ವಿಳಾಸದಲ್ಲಿರುವುದು ಕಂಡಿತು. ಲಿಕ್ವಿಡಿಟಿ ಯಾರ ಕೈಯಲ್ಲಿದೆ ಎಂದು ಆ ಕಾಯಿನ್ ನಡೆಸುವವರ ಟೆಲಿಗ್ರಾಂ ಗುಂಪಿನಲ್ಲಿ ವಿನಯದಿಂದಲೇ ಕೇಳಿದೆ. ಎರಡು ನಿಮಿಷದಲ್ಲಿ ನನ್ನನ್ನು ಹೊರಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.