ಅಪ್‌ಡೇಟ್: ಕನ್ಸೀಲ್ಡ್ ಕ್ಯಾರಿಗೆ ಯಾವ ಕಾನೂನು ರಕ್ಷಣೆ ಪ್ಲಾನ್?

ಟೆಕ್ಸಾಸ್‌ನಲ್ಲಿ ಪಿಸ್ತೂಲನ್ನು ಮರೆಮಾಡಿ ಇಟ್ಟುಕೊಂಡು ಓಡಾಡುವವರಿಗೆ (ಕನ್ಸೀಲ್ಡ್ ಕ್ಯಾರಿ) ಯಾವ ಕಾನೂನು ರಕ್ಷಣೆ ಪ್ಲಾನ್, ಅಂದರೆ ಆತ್ಮರಕ್ಷಣೆಗೆ ಅದನ್ನು ಬಳಸಿ ಕೇಸಾದರೆ ವಕೀಲರ ಖರ್ಚು ನೋಡಿಕೊಳ್ಳುವ ಪ್ಲಾನ್, ಸರಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಬ್ರೋಷರ್ ಪಕ್ಕಕ್ಕಿಟ್ಟು ಮೂಲ ಪಾಲಿಸಿಗಳನ್ನೇ ಓದಿ, ವಾಪಸಾತಿ ಷರತ್ತಿಲ್ಲದ, ವಕೀಲರ ಫೀಸನ್ನು ಮೊದಲೇ ಕಟ್ಟುವ ಪ್ಲಾನ್ ಆರಿಸಿದೆ.

ವಾಪಸಾತಿ ಷರತ್ತು ಅಂದರೆ, ಶಿಕ್ಷೆಯಾದರೆ ಖರ್ಚು ಮಾಡಿದ ದುಡ್ಡನ್ನು ಕಂಪನಿ ನಿಮ್ಮಿಂದಲೇ ವಸೂಲಿ ಮಾಡಬಹುದು. ಹಾಗಿದ್ದರೆ ಅದು ಸಾಲ, ರಕ್ಷಣೆಯಲ್ಲ. ತಪ್ಪೊಪ್ಪಿಗೆಯ ಒಪ್ಪಂದ ಮಾಡಿಕೊಂಡರೂ ಇದು ಅನ್ವಯಿಸುತ್ತದೆಯೇ ಅಂತ ತಪ್ಪದೆ ಕೇಳಿ.

ಜಾಮೀನಿನ ಲೆಕ್ಕದಲ್ಲಿ ಎಡವುವುದು ಬಹಳ ಸುಲಭ. 5 ಲಕ್ಷ ಡಾಲರ್ ಜಾಮೀನಿಗೆ ಬಾಂಡ್‌ನವರು (ಶುಲ್ಕ ಪಡೆದು ನಿಮ್ಮ ಪರವಾಗಿ ಜಾಮೀನು ನಿಲ್ಲುವ ಕಂಪನಿಯವರು) ಸಾಮಾನ್ಯವಾಗಿ ಶೇ 10, ಅಂದರೆ 50,000 ಡಾಲರ್ ತಗೊಳ್ಳುತ್ತಾರೆ. ಅದು ಮರಳಿ ಬರುವುದಿಲ್ಲ. ಪ್ಲಾನ್‌ನಲ್ಲಿ ಕಾಣುವ ಅಂಕಿ ಈ ಶುಲ್ಕದ್ದೋ, ಜಾಮೀನಿನ ಪೂರ್ತಿ ಮೊತ್ತದ್ದೋ ಅಂತ ಬರಹದಲ್ಲೇ ಪಡೆಯಿರಿ. ತಜ್ಞ ಸಾಕ್ಷಿಗಳ ಖರ್ಚೂ ಸೇರಿದೆಯೇ ನೋಡಿ.

ಮನೆ ವಿಮೆ ಸಾಕು ಅಂದವರಿಗೆ: ಉದ್ದೇಶಪೂರ್ವಕವಾಗಿ ಮಾಡಿದ ಗಾಯ ಸಾಮಾನ್ಯವಾಗಿ ಅದರ ವ್ಯಾಪ್ತಿಗೇ ಬರುವುದಿಲ್ಲ, ಕ್ರಿಮಿನಲ್ ಕೇಸಿನ ವಕೀಲರ ಫೀಸಂತೂ ದೂರದ ಮಾತು.

ಎಚ್-1ಬಿ ಕೆಲಸದ ವೀಸಾದಲ್ಲಿರುವ ನಮ್ಮವರು ಗಮನಿಸಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಫೆಡರಲ್ ಕಾನೂನಿನ ಪ್ರಕಾರ ನೀವು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಆ ನಿಷೇಧವಿಲ್ಲ.