ಪದ ಬೇಕು: ಸಿನಿಮಾದ ಅಡಿಬರಹಕ್ಕೆ 'ಮೌನ' ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ, ಹೊರಗೊಂದು ಮಿಷನ್ ಇರುತ್ತದೆ) ಮಾಡಿಸಿದ್ದೇವೆ. ನಮ್ಮ ಮನೆ ಅವಳಿಗೆ ಹೇಗಿರಬಹುದು ಅಂತ ಒಂದು ಪ್ರಾಯೋಗಿಕ ಕಿರುಚಿತ್ರ ಮಾಡಿದ್ದೇನೆ. ಕತೆಗಿತೆ ಏನಿಲ್ಲ. ಒಂದು ಕಡೆ ಅವಳು ಕಿವಿಯ ಮಿಷನ್ ತೆಗೆದಿಟ್ಟು, ಓಡುತ್ತಿರುವ ಮಿಕ್ಸಿಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಾಳೆ. ಅಲ್ಲಿ ಸಿನಿಮಾದ ಧ್ವನಿಯನ್ನೂ ಪೂರ್ತಿ ತೆಗೆದಿದ್ದೇನೆ. ಕಿವುಡರೂ ನೋಡಲು ಬರುತ್ತಾರೆ, ಪರದೆಯ ಕೆಳಗೆ ಸದ್ದನ್ನು ತಿಳಿಸುವ ಬರಹದಲ್ಲಿ ಆ ಜಾಗ ಖಾಲಿ ಬಿಡುವ ಹಾಗಿಲ್ಲ. 'ಮೌನ' ಅಂತ ಹಾಕಿದ್ದೇನೆ, ಸಮಾಧಾನವಿಲ್ಲ. ನಾಳೆ ಸಂಜೆಯೊಳಗೆ ಬೇಕು.

ಮರು:
ಮೌನ ಬೇಡ. ಮುನಿಯಿಂದ ಬಂದ ಪದ, ಬಾಯಿಗೆ ಸೇರಿದ್ದು. ಕಿವಿಗೂ ಅದಕ್ಕೂ ಏನು ಸಂಬಂಧ? 'ಸದ್ದಿಲ್ಲ' ಅನ್ನಿ. ಅಚ್ಚಗನ್ನಡ. ಪೋಸ್ಟರಿನಲ್ಲಿ 'ಶ್ರವಣದೋಷ' ಅಂತ ಬರೆಯಬೇಡಿ, 'ಕಿವುಡು' ಸಾಕು. ತಮಿಳಿನ ಸೆವಿಡು, ತೆಲುಗಿನ ಚೆವುಡು ನೋಡಿ. ಅವರಲ್ಲಿ ಕಕಾರ ಜಾರಿತು, ನಮ್ಮಲ್ಲಿ ಗಟ್ಟಿಯಾಗಿ ನಿಂತಿತು.

ಮರು:
ಅಚ್ಚಗನ್ನಡವಂತೆ! 'ಸದ್ದು' ಶಬ್ದದ ತದ್ಭವ ಅಲ್ವಾ ಸಾರ್? 'ದನಿ'ಯೂ ಧ್ವನಿಯೇ. 'ನಿಶ್ಶಬ್ದ' ಹಾಕಿ ಮುಗಿಸಿ, ಮೇಡಂ.

ಮರು:
ತದ್ಭವ ನಮ್ಮ ಬಾಯಲ್ಲಿ ಪಳಗಿದ್ದು. ವಿಸರ್ಗ ಸಂಧಿ ಬೇಕಾದ ಪದ ಪಳಗಿಲ್ಲ. ಅಷ್ಟೇ.

ಮರು:
ನಮ್ಮ ಧಾರವಾಡ ಕಡೆ 'ಸಪ್ಪಳ' ಅಂತೀವಿ. ಅದನ್ಯಾಕ ಯಾರೂ ಕೇಳೂದಿಲ್ಲ? ಪದ ಬೇಕಾದಾಗೆಲ್ಲ ಬೆಂಗಳೂರು ಮೈಸೂರಿನ ಬಾಯೇ ಆಗಬೇಕೇನು?

ಮರು:
ಜಗಳ ಆಮೇಲೆ ಆಡೋಣ. ನಾನು ಇಂಥ ಮಕ್ಕಳ ಜೊತೆ ಕೆಲಸ ಮಾಡುವವಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಾದರೆ ಕಿವುಡು. 60ರಿಂದ 70ರವರೆಗೆ ಆದರೆ ಮಂದ. ಅಂದರೆ ಕಿವುಡು ಎಂದ ಕೂಡಲೇ ಏನೂ ಕೇಳದು ಅಂತಲ್ಲ. ಎಷ್ಟೋ ಮಕ್ಕಳಿಗೆ ದಪ್ಪ ಸದ್ದು ಒಂದಿಷ್ಟು ಉಳಿದಿರುತ್ತದೆ. ಇಲ್ಲಿ ಮಗು ಮಿಕ್ಸಿಯನ್ನು ಅಂಗೈಯಿಂದ ಕೇಳಿಸಿಕೊಳ್ಳುತ್ತಿದೆ. ಆ ಹೊತ್ತಿಗೆ ಕಿವಿ ಇರುವ ನಮಗೇ ಏನೂ ಇಲ್ಲ, ಅವಳಿಗಲ್ಲ! 'ಇಲ್ಲ' ಎನ್ನುವ ಪದ ಯಾಕೆ? 'ಮಿಕ್ಸಿ ಅದುರುತ್ತಿದೆ' ಅಂತ ಬರೆಯಿರಿ.

ಮರು:
ತುಂಬಾ ಥ್ಯಾಂಕ್ಸ್ ಅಕ್ಕ, ಅದನ್ನೇ ಹಾಕುತ್ತೇನೆ.

ಮರು:
'ಅದಿರುತ್ತಿದೆ' ಅಂತಿರಲಿ. ಹಳಗನ್ನಡದಲ್ಲಿ 'ಅದಿರ್' ಅಂತಲೇ ಇದೆ.

ಮರು:
ಬಳ್ಳಾರಿಯ ಗಣಿ ಸಿನಿಮಾ ಅಂದ್ಕೊಂಡಾರು, ಬಿಡಿ ಸ್ವಾಮಿ.